ಹಳೇ ಜೀಪು ಮನೆಗೆ ಬಂತು, ಈಗ ಮೊದಲು ಯಾವುದಕ್ಕೆ ಕೈ ಹಾಕೋದು?

ಈ ಸಲ ಬಂದ ಪತ್ರಗಳಲ್ಲಿ ಹಳೇ ಜೀಪಿನವೇ ಜಾಸ್ತಿ. ಮಳೆ ಬಿಡುತ್ತಿದ್ದ ಹಾಗೆ ಮಲೆನಾಡಿನ ಶೆಡ್ಡುಗಳಿಂದ ಗಾಡಿಗಳು ಹೊರಗೆ ಬರುತ್ತವೆ, ಕೈ ಬದಲಾಗುತ್ತವೆ, ಆಮೇಲೆ ನಮಗೆ ಪತ್ರ ಬರುತ್ತದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಜೀಪಿನವರಿಗೆ. ಸ್ಕೂಟರ್, ಕಾರಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ನಿಮ್ಮದೇ.

ಪ್ರಶ್ನೆ: ನಮಸ್ಕಾರ ಸಾರ್. ಕಳಸದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಪರಿಚಯದವರ ಶೆಡ್ಡಿನಲ್ಲಿ ನಾಲ್ಕೈದು ವರ್ಷ ನಿಂತಿದ್ದ 1989ರ ಮಹೀಂದ್ರ ಎಂಎಂ 540 ಡೀಸೆಲ್ ಜೀಪು ತಗೊಂಡೆ. ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಆದರೆ ಬೆಳಿಗ್ಗೆ ಹೊತ್ತು ಬಿಳಿ ಹೊಗೆ. ಬ್ರೇಕ್ ಮೂರು ಸಲ ತುಳಿದರೆ ಹಿಡಿಯುತ್ತದೆ. ಸ್ಟೇರಿಂಗ್ ಕಾಲು ಸುತ್ತು ಸುಮ್ನೆ ತಿರುಗುತ್ತದೆ. ಮೆಕ್ಯಾನಿಕ್ ಇಂಜಿನ್ ಇಳಿಸೋಣ ಅಂತಾರೆ. ಮಗನಿಗೆ ಮೊದಲು ಪೇಂಟು, ದಪ್ಪ ಟೈರು ಆಗಬೇಕು. ಕುಯ್ಲಿನ ಹೊತ್ತಿಗೆ ಗಾಡಿ ಓಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೆಕ್ಯಾನಿಕ್ ಹೇಳಿದ್ದೂ ಬೇಡ, ಮಗ ಹೇಳಿದ್ದೂ ಸದ್ಯಕ್ಕೆ ಬೇಡ. ಗಾಡಿ ಮೊದಲು ನಿಲ್ಲಬೇಕು, ಆಮೇಲೆ ಹೇಳಿದ ಕಡೆ ತಿರುಗಬೇಕು, ಆಮೇಲೆ ಬಿಸಿಯಾಗದೆ ಓಡಬೇಕು. ಸ್ಟಾರ್ಟ್ ಆಗುವ ಇಂಜಿನ್ನನ್ನು ಯಾವ ಪರೀಕ್ಷೆಯೂ ಇಲ್ಲದೆ ಇಳಿಸೋದು ದುಡ್ಡು ದಂಡ. ಒಂದು ಸಲ ಇಳಿಸಿದ ಮೇಲೆ ಕುಯ್ಲು ಮುಗಿದರೂ ಅದು ಗ್ಯಾರೇಜಿನ ಮೂಲೆಯಲ್ಲೇ ಇರುತ್ತದೆ, ಇಂಥ ಗಾಡಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ದುಡ್ಡು ಹಾಕುವ ಮುಂಚೆ ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಆಮೇಲೆ ಗಾಡಿಯನ್ನು ಕೆಳಗಿನಿಂದ ಚೆನ್ನಾಗಿ ತೊಳೆಸಿ. ಕೆಸರು, ಗ್ರೀಸು ಹೋದ ಮೇಲೆ ಟಾರ್ಚ್ ಹಿಡಿದು ಕೆಳಗೆ ನುಗ್ಗಿ, ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್‌ಗಳು, ಸ್ಟೇರಿಂಗ್ ಬಾಕ್ಸ್ ಚಾಸಿಗೆ ಸೇರುವ ಜಾಗ, ಹಿಂದಿನ ಅಡ್ಡಪಟ್ಟಿ, ಈ ಮೂರೂ ಕಡೆ ಬಿರುಕು ಅಥವಾ ತುಕ್ಕಿನ ತೂತು ಇದೆಯಾ ನೋಡಿ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಡಬ್ ಅನ್ನುತ್ತದೆ. ಪೇಂಟು ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ಈಗ ಬಣ್ಣ ಬಳಿದರೆ ನೋಡಬೇಕಾದ್ದೆಲ್ಲ ಅದರಡಿ ಮುಚ್ಚಿ ಹೋಗುತ್ತದೆ.

ಇನ್ನು ಬ್ರೇಕು. ನಾಲ್ಕೂ ಡ್ರಮ್ ಬಿಚ್ಚಿಸಿ. ಒಂದು ಬಿಚ್ಚಿ ನೋಡಿ "ಉಳಿದದ್ದೂ ಹೀಗೇ ಇರುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ಮೂರು ಸಲ ತುಳಿದರೆ ಹಿಡಿಯುತ್ತದೆ ಅಂದರೆ ಒಂದೋ ಲೈನರ್ (ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ) ಸವೆದು ಅಡ್ಜಸ್ಟ್‌ಮೆಂಟ್ ಸಡಿಲ ಆಗಿದೆ, ಇಲ್ಲ ಪೈಪಿನಲ್ಲಿ ಗಾಳಿ ಸೇರಿದೆ. ಇನ್ನೊಂದು ಪರೀಕ್ಷೆ ಇದೆ. ಪೆಡಲ್ ಹಿಡಿದ ಮೇಲೆ ಕಾಲು ತೆಗೆಯದೆ ಒಂದೇ ಸಮ ಒತ್ತಿ ಹಿಡಿದಿರಿ. ಪೆಡಲ್ ನಿಧಾನಕ್ಕೆ ಕೆಳಗಿಳಿಯಿತು, ಹೊರಗೆಲ್ಲೂ ಆಯಿಲ್ ಸೋರಿಲ್ಲ ಅಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಹೋಗಿದೆ. ವೀಲ್ ಸಿಲಿಂಡರುಗಳ ಧೂಳಿನ ಟೋಪಿ ಎತ್ತಿ ನೋಡಿ, ಒದ್ದೆ ಇದ್ದರೆ ಅದಕ್ಕೂ ಹೊಸ ಕಿಟ್. ರಬ್ಬರ್ ಹೋಸುಗಳನ್ನಂತೂ ನೋಡೋದೇ ಬೇಡ, ಎಲ್ಲವನ್ನೂ ಬದಲಾಯಿಸಿ. ಹೊರಗಡೆ ಚೆನ್ನಾಗಿ ಕಾಣುವ ಹೋಸು ಒಳಗೆ ಊದಿಕೊಂಡು ಬ್ರೇಕ್ ಹಿಡಿದೇ ಇರುವ ಹಾಗೆ ಮಾಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಿಮ್ಮ ಕಡೆಯ ಮಳೆಗೆ ಇನ್ನೂ ಜಾಸ್ತಿ. ಅಷ್ಟನ್ನೂ ತೆಗೆದು ಹೊಸದು ಹಾಕಿಸಿ. ಅರ್ಜೆಂಟಿಗೆ ಯಾರೋ ಇಂಜಿನ್ ಆಯಿಲ್ ಹಾಕಿದ್ದರೆ ರಬ್ಬರ್ ಕಪ್, ಸೀಲು ಎಲ್ಲ ಉಬ್ಬಿ ಹಾಳಾಗಿರುತ್ತವೆ, ಆಗ ಒಂದು ರಬ್ಬರನ್ನೂ ಉಳಿಸಬೇಡಿ.

ಹಿಂದಿನ ಡ್ರಮ್ಮಿನಲ್ಲಿ ಎಣ್ಣೆ ಜಿಡ್ಡು ಕಂಡರೆ ಹೊಸ ಲೈನರ್ ಹಾಕಿ ಸುಮ್ಮನಾಗಬೇಡಿ, ಹೌಸಿಂಗಿನಿಂದ (ಆಕ್ಸಲ್, ಅದರ ಗೇರು ಕೂರುವ ಚಿಪ್ಪು) ಎಣ್ಣೆ ಬಿಡುತ್ತಿರುವ ಸೀಲು ಮೊದಲು. ಡ್ರಮ್ಮಿನ ಧೂಳನ್ನು ಏರ್ ಹೊಡೆದು ಹಾರಿಸೋದಕ್ಕೂ ಬಿಡಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬ್ರೇಕಿನ ಬಗ್ಗೆ ಇಷ್ಟು ಕೊರೆಯೋದಕ್ಕೆ ಕಾರಣ ಇದೆ. ಬಹಳಷ್ಟು ಹಳೇ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ನಿಮ್ಮ ಕಡೆ ಇಳಿಜಾರು ಇಲ್ಲದ ರಸ್ತೆ ಎಲ್ಲಿದೆ ಹೇಳಿ?

ಸ್ಟೇರಿಂಗಿಗೆ ಇಬ್ಬರು ಬೇಕು. ಮಗನನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸೋಕೆ ಹೇಳಿ, ನೀವು ಕೆಳಗೆ ಮಲಗಿ ನೋಡಿ. ಬಾಕ್ಸಿನಿಂದ ಚಕ್ರದವರೆಗೆ ಯಾವ ಜಾಯಿಂಟ್ ತಡವಾಗಿ ಅಲುಗುತ್ತದೋ ಅಲ್ಲಿ ಸವೆತ. ಸಾಧಾರಣವಾಗಿ ಟೈ ರಾಡ್ ಎಂಡ್‌ಗಳೇ ಸಿಕ್ಕಿಬೀಳುತ್ತವೆ. ಆಮೇಲೆ ಮುಂದಿನ ಚಕ್ರ ಎತ್ತಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಆಡುತ್ತಿದೆಯಾ? ಮಗನಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತರೆ ವೀಲ್ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲ ತಿರುಗುವ ಕೀಲು. ಸ್ಟೇರಿಂಗ್ ಬಾಕ್ಸಿನ ಸ್ಕ್ರೂಗೆ ಕೊನೆಯಲ್ಲಿ ಕೈ ಹಾಕಿ. ಸುಮಾರು ಜನ ಅಲ್ಲಿಂದಲೇ ಶುರು ಮಾಡಿ ಬಿಗಿ ಮಾಡಿಬಿಡುತ್ತಾರೆ, ಆಮೇಲೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರ ಆಗೋದೇ ಇಲ್ಲ.

ಈಗ ಇಂಜಿನ್. ನಿಮ್ಮದು ಪ್ಯೂಜೋ ವಿನ್ಯಾಸದ 2112 ಸಿಸಿ ಎಕ್ಸ್‌ಡಿಪಿ 4.90. ಇದರಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯಲ್ಲಿ ಉರಿದು ಆಮೇಲೆ ಪಿಸ್ಟನ್ ಕಡೆ ಬರುತ್ತದೆ. ಅದಕ್ಕೇ ತಣ್ಣಗಿದ್ದಾಗ ಹೀಟರ್ ಪ್ಲಗ್ ಇಲ್ಲದೆ ಇದಕ್ಕೆ ಕಷ್ಟ. ಬೆಳಿಗ್ಗೆ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಹೀಟರ್ ಪ್ಲಗ್ಗುಗಳನ್ನು ಮಲ್ಟಿಮೀಟರ್‌ನಲ್ಲಿ ನೋಡಿಸಿ, ಒಂದೆರಡು ಸತ್ತಿರಬಹುದು. ಅದರ ಜೊತೆಗೇ ಡೀಸೆಲ್ ಸಿಂಪಡಿಸುವ ನಾಝಲ್ ಟೆಸ್ಟ್ ಮಾಡಿಸಿ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಏರಿನಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ನಾಝಲ್ ನೋಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿ ಇದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗು ಸವೆದಿರಬಹುದು. ಆಗಲೂ ಮೊದಲು ಕಂಪ್ರೆಶನ್ ಟೆಸ್ಟ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ ಅಳೆಯೋದು. ಆ ರೀಡಿಂಗ್ ನಿಮ್ಮ ಮುಂದಿಟ್ಟ ಮೇಲೆ ಮೆಕ್ಯಾನಿಕ್ ಇಳಿಸೋಣ ಅಂದರೆ ಒಪ್ಪಿಕೊಳ್ಳಿ.

ವರ್ಷಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು, ತುಕ್ಕು, ಗಸಿ ಇದ್ದೇ ಇರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಡೀಸೆಲ್ ಫಿಲ್ಟರ್ ಬದಲಾಯಿಸಿ, ಕೈ ಪಂಪ್ ಒತ್ತಿ ಲೈನಿನ ಗಾಳಿ ತೆಗೆಸಿ. ಹಾಗೇ ಓಡಿಸಿದರೆ ಆ ತುಕ್ಕು ಡೀಸೆಲ್ ಪಂಪಿಗೆ ಹೋಗುತ್ತದೆ, ಪಂಪಿನ ಕೆಲಸ ಅಗ್ಗ ಅಲ್ಲ. ರೇಡಿಯೇಟರನ್ನು ಉಲ್ಟಾ ನೀರು ಬಿಟ್ಟು ತೊಳೆಸಿ, ಹೋಸು, ಬೆಲ್ಟು ಹೊಸದು ಹಾಕಿ, ಬರೀ ನೀರಿನ ಬದಲು ಕೂಲೆಂಟ್ ತುಂಬಿಸಿ. ಥರ್ಮೋಸ್ಟ್ಯಾಟ್ ತೆಗೆದು ಎಸೆಯೋದು ನಮ್ಮಲ್ಲಿ ಅಭ್ಯಾಸ. ಅದು ಬೇಡ. ಅದಿಲ್ಲದೆ ಇಂಜಿನ್ ಸರಿಯಾದ ಬಿಸಿಗೆ ಬರೋದೇ ಇಲ್ಲ, ಹೊಗೆ, ಸವೆತ ಎರಡೂ ಹೆಚ್ಚುತ್ತವೆ.

ಎಣ್ಣೆ ಐದು ಕಡೆ ಇದೆ. ಇಂಜಿನ್, ಗೇರ್ ಬಾಕ್ಸ್, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ), ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್. ಎಲ್ಲ ಇಳಿಸಿ ನೋಡಿ. ಹೌಸಿಂಗಿನ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಹೊಳೆ ದಾಟಿದಾಗ ನೀರು ಒಳಗೆ ಹೋಗಿದೆ, ಸೀಲು ಮತ್ತು ಬ್ರೀದರ್ (ಗಾಳಿ ಆಡುವ ಸಣ್ಣ ಮುಚ್ಚಳ) ಎರಡನ್ನೂ ನೋಡಿಸಿ. ಇಳಿಸುವ ಮುಂಚೆ ತುಂಬುವ ಬೋಲ್ಟ್ ಬಿಚ್ಚುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ. ಗೇರ್ ಬಾಕ್ಸಿಗೆ ಇಪಿ 90 ಎಣ್ಣೆ ಹಾಕುವಾಗ ಜಿಎಲ್ 4 ದರ್ಜೆಯದನ್ನೇ ಕೇಳಿ ತಗೊಳ್ಳಿ. ಜಿಎಲ್ 5ರಲ್ಲಿರುವ ಗಂಧಕದ ಅಂಶ ಒಳಗಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಹುದು. ಹೌಸಿಂಗುಗಳಿಗೆ ಜಿಎಲ್ 5 ಸರಿ.

ಇಷ್ಟಾದ ಮೇಲೆ ಮನೆ ಸುತ್ತಮುತ್ತ ಸ್ವಲ್ಪ ದಿನ ಓಡಿಸಿ. ಪ್ರತಿ ಸಲ ನಿಲ್ಲಿಸಿದಾಗ ನಾಲ್ಕೂ ಡ್ರಮ್ಮಿನ ಹತ್ತಿರ ಹುಷಾರಾಗಿ ಕೈ ಒಯ್ದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲ ಬೇರಿಂಗ್ ಬಿಗಿಯಾಗಿದೆ. ವೈರಿಂಗ್ ಮೇಲೂ ಕಣ್ಣಿಡಿ. ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಎಳೆದ ಹಾರ್ನು, ಲೈಟಿನ ವೈರ್ ಇದ್ದರೆ ಅವತ್ತೇ ಕಿತ್ತು ಸರಿ ಮಾಡಿಸಿ, ಬೆಂಕಿಗೆ ಅಷ್ಟೇ ಸಾಕು. ಟೈರಿನ ವಿಷಯಕ್ಕೆ ಮಗನಿಗೆ ಇಷ್ಟು ಹೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಅಂದರೆ 2014ರ 23ನೇ ವಾರ ತಯಾರಾಗಿದ್ದು. ಟೈರಿನ ಗೀರು ಎಷ್ಟೇ ಆಳ ಇರಲಿ, ಅಷ್ಟು ಹಳೇದಾದರೆ ಬದಲಾಯಿಸಿ, ಆದರೆ ಕಂಪನಿ ಕೊಟ್ಟ ಅಳತೆಯದನ್ನೇ. ದಪ್ಪ ಟೈರು ಹಾಕಿದರೆ ಈಗ ತಾನೇ ಸರಿ ಮಾಡಿಸಿದ ಕಿಂಗ್ ಪಿನ್ನಿಗೆ, ಬ್ರೇಕಿಗೆ ಮತ್ತೆ ಭಾರ.

ಪ್ರಶ್ನೆ: ಸೋಮವಾರಪೇಟೆಯಿಂದ ಬರೀತಿದ್ದೇನೆ. ನಮ್ಮ ಜೀಪು 50ರ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದರೂ ಮುಂದಿನ ಚಕ್ರಗಳು ಗಡಗಡ ನಡುಗುತ್ತವೆ, ಸ್ಟೇರಿಂಗ್ ಕೈಯಲ್ಲಿ ನಿಲ್ಲೋದಿಲ್ಲ. ನಿಂತ ಮೇಲೇ ಸರಿಹೋಗೋದು. ವೀಲ್ ಬ್ಯಾಲೆನ್ಸ್ ಎರಡು ಸಲ ಮಾಡಿಸಿದೆ, ಪ್ರಯೋಜನ ಇಲ್ಲ.

ಉತ್ತರ: ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿಗಳ ಹಳೇ ಕಾಯಿಲೆ ಇದು. ಬ್ಯಾಲೆನ್ಸ್ ಸರಿ ಇಲ್ಲದಿದ್ದರೆ ಅದು ನಡುಕವನ್ನು ಎಬ್ಬಿಸಬಹುದು, ಆದರೆ ಅದು ನಿಲ್ಲದೆ ಬೆಳೆಯೋದಕ್ಕೆ ಎಲ್ಲೋ ಸಡಿಲ ಇರಲೇಬೇಕು. ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಎಂಡ್, ಸ್ಪ್ರಿಂಗಿನ ಬುಶ್, ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ಯು ಬೋಲ್ಟ್, ಇದೇ ಕ್ರಮದಲ್ಲಿ ನೋಡಿಸಿ. ಕಿಂಗ್ ಪಿನ್ನಿನ ಶಿಮ್ಮುಗಳನ್ನು (ಸಂದಿಗೆ ಕೊಡುವ ತೆಳು ತಗಡು) ಸರಿ ಮಾಡಿ ಸ್ವಲ್ಪ ಬಿಗಿ ತಂದರೆ ಎಷ್ಟೋ ಗಾಡಿಗಳು ಅಲ್ಲೇ ಸರಿಹೋಗುತ್ತವೆ. ಎಲ್ಲ ಆದ ಮೇಲೆ ಟೋ ಇನ್, ಅಂದರೆ ಮುಂದಿನ ಚಕ್ರಗಳು ಎಷ್ಟು ಒಳಮುಖ ಇವೆ ಅನ್ನೋದನ್ನು ಅಳೆಸಿ. ಹಿಂದಿನ ಮಾಲೀಕರು ಗಾಡಿ ಎತ್ತರ ಮಾಡಿಸೋಕೆ ಸ್ಪ್ರಿಂಗ್ ಪಟ್ಟಿ ಸೇರಿಸಿದ್ದರೆ ಅಥವಾ ಉದ್ದದ ಶ್ಯಾಕಲ್ ಹಾಕಿದ್ದರೆ ಆಕ್ಸಲಿನ ಕೋನವೇ ಬದಲಾಗಿರುತ್ತದೆ, ಅದನ್ನು ಮೊದಲಿನ ಸ್ಥಿತಿಗೆ ತರದೆ ಏನು ಮಾಡಿದರೂ ನಡುಕ ವಾಪಸ್ ಬರುತ್ತದೆ. ನಡುಕದ ಜೋರು ತಗ್ಗಿಸೋಕೆ ಸ್ಟೇರಿಂಗ್ ಡ್ಯಾಂಪರ್ ಮಾರುತ್ತಾರೆ, ಕಾಯಿಲೆ ಹಾಗೇ ಇರುತ್ತದೆ, ಗೊತ್ತಾಗೋದಿಲ್ಲ ಅಷ್ಟೇ. ಅಲ್ಲಿವರೆಗೆ 40 ದಾಟಬೇಡಿ. ನಡುಗಿದರೆ ಜೋರಾಗಿ ಬ್ರೇಕ್ ಹಾಕದೆ, ಸ್ಟೇರಿಂಗ್ ಗಟ್ಟಿ ಹಿಡಿದು ನಿಧಾನಕ್ಕೆ ವೇಗ ಇಳಿಸಿ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದೇ ಹಿಂದಿನ ಚಕ್ರಕ್ಕೆ ಜಾಕ್ ಹಾಕಿದೆ. ಚಕ್ರ ಎದ್ದ ತಕ್ಷಣ ಗಾಡಿ ಜಾರಿ ಜಾಕ್ ಬಿತ್ತು, ದೇವರ ದಯೆ ಯಾರಿಗೂ ಏನಾಗಲಿಲ್ಲ. ಸಮತಟ್ಟು ಜಾಗ ಅಂದುಕೊಂಡಿದ್ದೆ. ಹ್ಯಾಂಡ್ ಬ್ರೇಕ್ ಕೆಟ್ಟಿದೆಯಾ? (ತೀರ್ಥಹಳ್ಳಿ)

ಉತ್ತರ: ಕೆಟ್ಟಿಲ್ಲ, ಅದು ಇರೋದೇ ಹಾಗೆ. ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರದಲ್ಲಿ ಇರೋದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿ ಇರುತ್ತದೆ. ಅದು ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆಯಾಗಿ ತಿರುಗಲು ಬಿಡುವ ಗೇರು) ಮೂಲಕ ಆ ಚಕ್ರ ಒಂದು ಕಡೆ, ನೆಲದ ಮೇಲಿನ ಚಕ್ರ ಇನ್ನೊಂದು ಕಡೆ ಆರಾಮಾಗಿ ತಿರುಗುತ್ತವೆ. ಗೇರಿನಲ್ಲಿ ಇಟ್ಟರೂ ಅದೇ ಕಥೆ. ಹಾಗಾಗಿ ಹಿಂದೆ ಎತ್ತುವ ಮುಂಚೆ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕಲ್ಲು ಕೊಡಿ. ಫೋರ್ ವೀಲ್ ಲಿವರ್ ಹಾಕಿ ಫಸ್ಟ್ ಗೇರಿನಲ್ಲಿ ಇಟ್ಟರೆ ಮುಂದಿನ ಚಕ್ರಗಳೂ ಹಿಡಿಯುತ್ತವೆ (ಮುಂದಿನ ಚಕ್ರವನ್ನು ಆಕ್ಸಲಿಗೆ ಜೋಡಿಸುವ ಹಬ್ ಲಾಕ್ ಇದ್ದರೆ ಅದೂ ಹಾಕಿರಬೇಕು), ಆದರೆ ಕಲ್ಲು ಮಾತ್ರ ತಪ್ಪಿಸಬೇಡಿ. ಜಾಕ್ ಮೇಲೆ ನಿಂತ ಗಾಡಿಯಡಿ ನುಗ್ಗೋದು ಯಾವತ್ತೂ ಬೇಡ.

ಪ್ರಶ್ನೆ: ಕೊಡಚಾದ್ರಿಗೆ ಹೋಗುವಾಗ ಫೋರ್ ವೀಲ್ ಹಾಕಿದ್ದೆ. ಟಾರ್ ರಸ್ತೆಗೆ ಬಂದ ಮೇಲೂ ಹಾಗೇ ಓಡಿಸಿದೆ. ಈಗ ಲಿವರ್ ವಾಪಸ್ ಬರುತ್ತಿಲ್ಲ, ತಿರುವಿನಲ್ಲಿ ಗಾಡಿ ಎಳೆದ ಹಾಗೆ ಆಗುತ್ತದೆ. (ಹೊಸನಗರ)

ಉತ್ತರ: ಏನೂ ಮುರಿದಿರಲಿಕ್ಕಿಲ್ಲ. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲುಗಳ ಮಧ್ಯೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಮಣ್ಣಿನಲ್ಲಾದರೆ ಟೈರು ಸ್ವಲ್ಪ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರೋದಿಲ್ಲ, ಅಷ್ಟೂ ಒತ್ತಡ ಗೇರು, ಶಾಫ್ಟುಗಳ ಮೇಲೆ ಕೂರುತ್ತದೆ. ಲಿವರ್ ಬಿಗಿಯಾಗಿರೋದು ಅದಕ್ಕೇ. ನೇರವಾಗಿ ಸ್ವಲ್ಪ ದೂರ ರಿವರ್ಸ್ ಹೋಗಿ, ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಮಣ್ಣಿನ ಮೇಲೆ ಮಾಡಿದರೆ ಇನ್ನೂ ಸುಲಭ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಅಥವಾ ಒಂದು ಹೊಸ, ಒಂದು ಬೋಳು ಟೈರು ಇದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ: ನನ್ನ ಹತ್ತಿರ 1968ರ ಪೆಟ್ರೋಲ್ ಸಿಜೆ 3ಬಿ ಜೀಪು ಇದೆ, ಬೆಂಗಳೂರಿನಲ್ಲಿ. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗೋದಿಲ್ಲ, ಅರ್ಧ ಗಂಟೆ ಬಿಟ್ಟರೆ ಆಗುತ್ತದೆ. ಎಥನಾಲ್ ಪೆಟ್ರೋಲಿನ ಕಾಟ ಅಂತ ಎಲ್ಲರೂ ಹೇಳುತ್ತಾರೆ. ಹಾಗೇ ವಿಂಟೇಜ್ ನೋಂದಣಿ ಮಾಡಿಸಲಾ?

ಉತ್ತರ: ಊಹೆ ಬಿಟ್ಟು ಒಂದು ಪರೀಕ್ಷೆ ಮಾಡಿ. ಸ್ಟಾರ್ಟ್ ಆಗದೆ ನಿಂತಾಗಲೇ ಒಂದು ಪ್ಲಗ್ ತೆಗೆದು, ಪೆಟ್ರೋಲ್ ಆವಿ ಇಲ್ಲದ ಕಡೆ ಗಾಡಿಯ ಮೈಗೆ ತಾಗಿಸಿ ಕಿಡಿ ನೋಡಿ. ಕಿಡಿ ಇಲ್ಲ ಅಥವಾ ತೀರಾ ಮಂಕು ಅಂದರೆ ಬಿಸಿಗೆ ಸಾಯುತ್ತಿರುವ ಕಾಯಿಲ್ ಅಥವಾ ಕಂಡೆನ್ಸರ್. ಇದರಲ್ಲಿ ಎಥನಾಲಿನ ತಪ್ಪೇನಿಲ್ಲ. ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಬನ್ನಿ. ಬಿಸಿ ಇಂಜಿನ್ನಿನ ಪಕ್ಕದ ಪಂಪು, ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಸಾಗದೇ ಇರಬಹುದು, ಇಲ್ಲ ಕಾರ್ಬ್ಯುರೇಟರಿನಲ್ಲಿ ಕುದಿದು ಉಕ್ಕಿ ಇಂಜಿನ್ ಒದ್ದೆಯಾಗಿರಬಹುದು. ಒದ್ದೆಯಾಗಿದ್ದರೆ ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆಯಿರಿ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸೋದು ಕಾಯಂ ಪರಿಹಾರ. ಈಗ ಬಂಕುಗಳಲ್ಲಿ ಸಿಗೋದು 20 ಶೇಕಡಾ ಎಥನಾಲ್ ಇರುವ ಪೆಟ್ರೋಲು, ಅದು ಹಳೇ ರಬ್ಬರನ್ನು ಮೆತ್ತಗೆ ಮಾಡೋದಂತೂ ನಿಜ. ಹೋಸು, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರ್ ಕಿಟ್ ಮೂರನ್ನೂ ಎಥನಾಲ್ ತಡೆಯುವಂಥದ್ದು ಕೇಳಿ ಹಾಕಿಸಿ.

ನೋಂದಣಿ ವಿಷಯ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಗಾಡಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತದೆ, ಹೊಸದಾಗಿ ಆಗುವವಕ್ಕೆ ವಿಎ ಸರಣಿ ನಂಬರು, ಶುಲ್ಕ 20,000 ರೂಪಾಯಿ. ಆದರೆ ಆಮೇಲೆ ಅದನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ನಂದಿ ಬೆಟ್ಟಕ್ಕೆ ಹೋಗುವ ಆಸೆ ಇದ್ದರೆ ಮಾಡಿಸಬೇಡಿ, ಈಗಿನ ಆರ್‌ಸಿಯನ್ನೇ ನವೀಕರಿಸುತ್ತಾ ಹೋಗಿ.

ಪ್ರಶ್ನೆ: ಸೈನ್ಯದ ಹರಾಜಿನಿಂದ ಬಂದ ಜೊಂಗಾ ಸಿಗುತ್ತಿದೆ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಕೂರಿಸೋಣ ಅಂತಿದ್ದೇನೆ. (ಹುಬ್ಬಳ್ಳಿ)

ಉತ್ತರ: ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನ್ ಪಿ 60 ವಿನ್ಯಾಸದಲ್ಲಿ ಮಾಡಿದ ಗಾಡಿ ಅದು, ಆರು ಸಿಲಿಂಡರಿನ 3956 ಸಿಸಿ ಇಂಜಿನ್, ಹಾಗಾಗಿ ಪೆಟ್ರೋಲ್ ಕುಡಿಯೋದು ಸಹಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿಗೆ ಇಲ್ಲದೆ ಇಂಜಿನ್ ಬದಲಾಯಿಸುವ ಹಾಗಿಲ್ಲ, ಆರ್‌ಸಿಯಲ್ಲಿ ಬರೆಸದಿದ್ದರೆ ಅಪಘಾತ ಆದಾಗ ವಿಮೆ ಕೈ ಕೊಡುತ್ತದೆ. ಗ್ಯಾರೇಜಿನವರು "ಎಲ್ಲಾ ಮಾಡಿಸ್ತೀವಿ ಸಾರ್" ಅಂದರೆ ಒಪ್ಪಿಗೆ ಪತ್ರ ಮೊದಲು ತೋರಿಸಿ ಅನ್ನಿ. ಹರಾಜಿನ ಮೂಲ ಕಾಗದ, ಅದರಲ್ಲಿರುವ ಚಾಸಿ ನಂಬರು, ಗಾಡಿಯ ಮೇಲೆ ಹೊಡೆದ ನಂಬರು ಒಂದೇ ಆಗಿರಬೇಕು. ನಿಮ್ಮ ಹೆಸರಿಗೆ ನೋಂದಣಿ ಆಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿಕೊಂಡು ಬಂದ ಮೇಲೇ ಅಡ್ವಾನ್ಸ್ ಕೊಡಿ.

ಪ್ರಶ್ನೆ: ಹಳೇ ಜೀಪಿನ ಸಾಮಾನು ಎಲ್ಲಿ ಸಿಗುತ್ತದೆ? (ಸಕಲೇಶಪುರ)

ಉತ್ತರ: ಬೇರಿಂಗ್, ಸೀಲು, ಬ್ರೇಕ್ ಕಿಟ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಹಳೇ ಹೌಸಿಂಗ್, ಗೇರ್ ಬಾಕ್ಸ್ ಚಿಪ್ಪು, ಬಾನೆಟ್ ಥರದ್ದು ಬೇಕಾದರೆ ಶಿವಾಜಿನಗರದ ಗುಜರಿ ಕಡೆ ನೋಡಿ. ಬ್ರೇಕು, ಸ್ಟೇರಿಂಗಿನ ಸಾಮಾನನ್ನು ಮಾತ್ರ ಗುಜರಿಯಲ್ಲಿ ತಗೋಬೇಡಿ. ಹೋಗುವಾಗ ಹಳೇ ಪಾರ್ಟನ್ನು ಒರೆಸಿ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಒಂದೇ ಮಾಡೆಲ್ಲಿನಲ್ಲಿ ವರ್ಷಕ್ಕೊಂದು ಥರ ಇರುತ್ತದೆ, ಮಾಡೆಲ್ ಹೆಸರು ಹೇಳಿ ತಂದದ್ದು ಮನೆಗೆ ಬಂದ ಮೇಲೆ ಕೂರೋದಿಲ್ಲ, ಮತ್ತೆ ಬೆಂಗಳೂರಿಗೆ ಬಸ್ಸು ಹತ್ತಬೇಕು.